ಮಂಗಳವಾರ, ಶುಕ್ರವಾರದ ಬೂದಿ

ಮಾನ್ಯ ಅಧ್ಯಕ್ಷರಾದ ವೀರಭದ್ರಸ್ವಾಮಿಯವರೇ, ಮೈಸೂರಿನಿಂದ ಧೂಳು ಕುಡಿದುಕೊಂಡು ಬಂದಿರುವ ಮುಖ್ಯ ಅತಿಥಿಗಳೇ, ಅಂತರಸಂತೆಯ ಹಿರಿಯರೇ, ಬೋಂಡಾ ವಾಸನೆಗೆ ಆಗಲೇ ಬಾಗಿಲ ಕಡೆ ತಿರುಗಿ ಕುಳಿತಿರುವ ನನ್ನ ಕಚೇರಿಯ ಗೆಳೆಯರೇ,

ಈಗಷ್ಟೇ ಓದಿದ ಬೀಳ್ಕೊಡುಗೆಯ ಮಾನಪತ್ರದಲ್ಲಿ, ನಂಜುಂಡಸ್ವಾಮಿ ಎಂಬ ಈ ಗುಮಾಸ್ತ ನಾಲ್ಕು ವರ್ಷ ಸರ್ಕಾರದ ಒಂದು ಹಿಡಿ ಬೂದಿಯೂ ಪೋಲಾಗದಂತೆ ಕಾಪಾಡಿದ ಎಂದಿದೆ. ನಿಜ. ಬೂದಿ ಕಾದ ಬದುಕಿಗೆ ಗಂಧದ ಹಾರ ಬೇರೆ!

ನಮ್ಮ ಸರ್ಕಾರಿ ಇಟ್ಟಿಗೆ ಗೂಡು ಶುರುವಾದಾಗ ಕಾಡಿನ ಸೌದೆ ಸುಡಬಾರದೆಂದು ಎಲ್ಲಿಂದಲೋ ಕಲ್ಲಿದ್ದಲು ತರಿಸಿದರು. ಸುಟ್ಟಿತು. ಬೂದಿ ಬಿತ್ತು. ಗುಡ್ಡವಾಯಿತು. ಅರವತ್ತೊಂಬತ್ತರಲ್ಲಿ ಆದೇಶ ಬಂತು: ಬೂದಿ ಗಾಳಿಗೆ ಹಾರಬಾರದು, ಹಳ್ಳಕ್ಕೆ ಸೇರಬಾರದು, ಜನರ ಉಪಯೋಗಕ್ಕೆ ಉಚಿತವಾಗಿ ಕೊಡಬೇಕು. ಮೊದಲ ಪುಟ ಓದಿ ಕೈಮುಗಿದೆ. ಎರಡನೇ ಪುಟ ತಿರುವಬಾರದಿತ್ತು. ಅಲ್ಲಿ, ವಿತರಣೆ ಮಂಗಳವಾರ ಮತ್ತು ಶುಕ್ರವಾರ ಮಾತ್ರ ಎಂದು ಬರೆದಿತ್ತು!

ಸಭಿಕರೇ, ಮಂಗಳವಾರ, ಶುಕ್ರವಾರ ನಮ್ಮ ಕಡೆ ಯಾವ ಮನೆಯಲ್ಲಿ ಬೂದಿ ಮುಟ್ಟುತ್ತಾರೆ? ನಿಮ್ಮ ಮನೆಯಲ್ಲಿ? ನನ್ನ ಮನೆಯಲ್ಲಿ? ಆ ಎರಡು ದಿನ ಒಲೆಯ ಬೂದಿ ತೆಗೆದರೆ ನನ್ನ ಹೆಂಡತಿ ಜಯಲಕ್ಷ್ಮಮ್ಮ ನನ್ನನ್ನೇ ಮನೆಯಿಂದ ತೆಗೆದಾಳು. ಆದೇಶ ಬರೆದ ಪುಣ್ಯಾತ್ಮ ಒಲೆ ಬಳಿಯುವ ಒಬ್ಬ ಹೆಂಗಸನ್ನಾದರೂ ಕೇಳಬಾರದಿತ್ತೇ?

ಮೊದಲು ಬಂದವಳು ಪಕ್ಕದ ಗಿರಿಜನರ ಹಾಡಿಯ ಬೆಳ್ಳಿ. ಬಿದಿರಿನ ಮಂಕರಿ ಹಿಡಿದು ಗೇಟಿನ ಹತ್ತಿರ ನಿಂತಳು.

"ಸ್ವಾಮಿ, ನಾಕು ಮಂಕರಿ ಬೂದಿ ಕೊಡಿ. ಸುಣ್ಣ ಕಲಸಿ ನೆಲಕ್ಕೆ ಬಡೀತೀವಿ. ನಮ್ಮತ್ತೆ ಮಲಗೋ ಜಾಗ ಜವುಗು ಹಿಡ್ದದೆ."

"ಶುಕ್ರವಾರ ಬಾರಮ್ಮ," ಎಂದೆ.

"ಸುಕ್ರವಾರ ಬೂದಿ ಒತ್ಕಂಡು ಮನೆ ಒಳಕ್ಕೆ ಓಗದಾ? ನಿಮ್ಮನೇಲಿ ಅಂಗೆ ಮಾಡ್ತೀರಾ?"

ಅವಳನ್ನು ಬರಿಗೈಲಿ ಕಳಿಸಿದೆ. ದಿನ ಬದಲಿಸಿ, ಬುಧವಾರ ಮಾಡಿ ಎಂದು ಮೇಲಕ್ಕೆ ಬರೆದೆ. ಜ್ಞಾಪಿಸಿ ಬರೆದೆ. ಮತ್ತೆ ಬರೆದೆ. ಏಳನೇ ತಿಂಗಳಿಗೆ ಉತ್ತರ ಬಂತು. ನಿಗದಿತ ದಿನಗಳಲ್ಲಿ ಎಷ್ಟು ಜನ ಬೂದಿ ಒಯ್ದರು, ತಿಳಿಸಿ. ಒಬ್ಬರೂ ಇಲ್ಲ ಎಂದು ತಿಳಿಸಿದೆ. ಹಾಗಾದರೆ ಸಾರ್ವಜನಿಕರಿಗೆ ಬೂದಿ ಬೇಕಿಲ್ಲವೆಂದು ದೃಢೀಕರಿಸಿ, ಎಂದರು.

ದೃಢೀಕರಿಸಿದೆ. ಇದನ್ನು ಹೇಳಬೇಕೆಂದು ಇಲ್ಲಿಗೆ ಬಂದವನಲ್ಲ, ಬಾಯಿಗೆ ಬಂದಿದೆ, ಹೇಳಿಬಿಡುತ್ತೇನೆ. ನಿವೃತ್ತಿ ಹತ್ತಿರವಿತ್ತು, ಪಿಂಚಣಿಗೆ ಕಲ್ಲು ಬೀಳುತ್ತದೆಂಬ ಭಯವಿತ್ತು. "ಬೇಡಿಕೆ ಇಲ್ಲ" ಎಂದು ಬರೆದು ರುಜು ಹಾಕಿದ ಕೈ ಇದೇ. ಬೇಡಿಕೆ ಇಲ್ಲದ ಬೂದಿಗೆ ಮುಳ್ಳುತಂತಿ ಬೇಲಿ ಬಂತು, ಬೀಗ ಬಂತು. ಬಂದ ಮಳೆಗೆಲ್ಲ ಬೂದಿ ಹಳ್ಳಕ್ಕೇ ಹರಿಯಿತು. ಅದಕ್ಕೆ ಯಾರೂ ಅರ್ಜಿ ಕೇಳಲಿಲ್ಲ.

ಬೆಳ್ಳಿಯ ಅತ್ತೆ ಮುತ್ತಿ ಆ ಒದ್ದೆ ನೆಲದ ಮೇಲೆಯೇ ಎದೆ ಕಟ್ಟಿಕೊಂಡು ಎರಡನೇ ಮಳೆಗಾಲದಲ್ಲಿ ತೀರಿಕೊಂಡಳು. ಬೂದಿ ಇದ್ದರೆ ಬದುಕುತ್ತಿದ್ದಳೋ ಏನೋ, ನಾನು ವೈದ್ಯನಲ್ಲ. ಆದರೆ ನನಗೆ ನಾಚಿಕೆಯಾಗುತ್ತದೆ ಸ್ವಾಮಿ. ಇವತ್ತಿಗೂ ಆಗುತ್ತದೆ.

ಈಗ ಬೆಳ್ಳಿ ತುಂಬು ಬಸುರಿ. ಮುಂಗಾರಿಗೆ ಹೆಚ್ಚೆಂದರೆ ಹತ್ತು ದಿನ. ಕೂಸು ಮಲಗುವುದೂ ಅದೇ ನೆಲದ ಮೇಲೆ.

ಹಾಡಿಯವರು ಸಮಾರಂಭಕ್ಕೆ ಯಾಕೆ ಬರಲಿಲ್ಲವೆಂದು ಅಧ್ಯಕ್ಷರು ಆಗಲೇ ಕೇಳಿದರು. ಅವರಿಗೆ ಬೇರೆ ಕೆಲಸವಿದೆ. ಇಂದು ಗುರುವಾರ. ಊಟವಾದ ಮೇಲೆ ಬೇಲಿಯ ಬೀಗ ತೆಗೆದು, ಬೆಳ್ಳಿಯ ಗಂಡ ಮಾರನನ್ನು ಕರೆದು, "ಎಷ್ಟು ಬೇಕೋ ಹೊತ್ಕೊಳ್ರಪ್ಪ" ಎಂದು ಹೇಳಿಯೇ ಇಲ್ಲಿಗೆ ಬಂದೆ. ಐದೂವರೆಯ ತನಕ ನಾನು ಸರ್ಕಾರಿ ನೌಕರ. ತಪ್ಪು ನನ್ನದು, ಅವರದಲ್ಲ. ಶಿಕ್ಷೆ ಬರೆಯುವವರು ನನ್ನ ಹೆಸರಿಗೇ ಬರೆಯಲಿ. ಆ ಮಾನಪತ್ರವನ್ನು ದಯವಿಟ್ಟು ಇಲ್ಲೇ ಇಟ್ಟುಕೊಳ್ಳಿ.

ಅಧ್ಯಕ್ಷರೇ, ಏಳಬೇಡಿ. ಜವಾನರೇ, ನೀವೂ ಕೂತ್ಕೊಳ್ಳಿ. ಹಾಡಿ ಇಲ್ಲಿಂದ ಎರಡು ಫರ್ಲಾಂಗು, ಅವರಿಗೆ ಇನ್ನೂ ಎರಡು ಸುತ್ತು ಹೊರುವುದಿದೆ. ಅಲ್ಲಿಯವರೆಗೆ, ಶಾಮಿಯಾನ ಹಾಕಿದವರನ್ನೂ ಬಿಡದೆ ಒಬ್ಬೊಬ್ಬರನ್ನೂ ಹೆಸರು ಹೇಳಿ ನಿಧಾನವಾಗಿ ವಂದಿಸುತ್ತೇನೆ. ಮೊದಲಿಗೆ ಅಧ್ಯಕ್ಷರಿಗೆ ನಮಸ್ಕಾರ.