ಬೆಚ್ಚನೆಯ ಎಣ್ಣೆ

ನಿಜಾಮರ ಕಾಲದ ಮಾತು. ಕಲಬುರಗಿಯ ದವಾಖಾನೆಯೊಂದರ ಪಡಸಾಲೆಯಲ್ಲಿ ಔಷಧಕ್ಕಾಗಿ ಕಾದಿದ್ದ ಭೀಮಶಾನ ಪಕ್ಕದಲ್ಲೇ ಅತ್ತೆ-ಸೊಸೆಯರ ವಾದ ನಡೆದಿತ್ತು. ಕಮಲಾಪುರದಿಂದ ಬಂಡಿಯಲ್ಲಿ ಬಂದಿದ್ದ ಅತ್ತೆ ದುಂಡಮ್ಮ, ಅಲ್ಲೇ ಕಾಯಿಸಿದ ಎಣ್ಣೆಯ ಬಟ್ಟಲನ್ನು ಹಿಡಿದಿದ್ದಳು.

“ಬ್ಯಾಡ್ರೀ ಅತ್ತಿ. ಡಾಕ್ಟರು ಬೆನ್ನ ಕೊಯ್ದ ಮ್ಯಾಲ ಹನ್ನೊಂದು ದಿನ ಮಲಗೇ ಇದ್ದದ್ದಕ್ಕ ನಿಮ್ಮ ಮಗನ ಕಾಲಾಗ ರಕ್ತ ಹೆಪ್ಪುಗಟ್ಟ್ಯಾದಂತ.”

“ಅದಕ್ಕೇ ತಿಕ್ಕತೀನಿ, ಕರಗತದ. ಊರ ಮಂದಿ ಕಾಲೆಲ್ಲ ತಿಕ್ಕಿದಾಕಿ ನಾ!”

“ತಿಕ್ಕಿದರ ಆ ಹೆಪ್ಪು ಎದಿಗಿ ಹೋಗಿ ಉಸರೇ ನಿಲ್ಲತದ ಅಂದಾರ ಡಾಕ್ಟರು.”

“ಮತ್ತ ಇಲಾಜು?”

“ಕಾಲ ಎತ್ತರಕ್ಕಿಟ್ಟು ಅಲುಗಾಡದಂಗ ಮಲಗೋದು. ಅಷ್ಟೇ.”

ಒಳಗಿನಿಂದ ಮಗನ ದನಿ ಕೇಳಿತು: “ಅವ್ವಾ, ಕಾಲು ಸಿಡಿತದ. ತಿಕ್ಕ ಬಾ.”

ದುಂಡಮ್ಮ ಥಟ್ಟನೆ ಎದ್ದು, ಬಟ್ಟಲನ್ನು ಭೀಮಶಾನ ಕೈಗಿತ್ತಳು.

“ಹಿಡಕೋ ತಮ್ಮಾ. ಇದು ಸಂಗಾಟ ಇದ್ದರ ನನ್ನ ಕೈ ನನ್ನ ಮಾತ ಕೇಳಂಗಿಲ್ಲ.”

ಅತ್ತೆ-ಸೊಸೆ ಇಬ್ಬರೂ ಬರಿಗೈಯಲ್ಲಿ ಒಳಗೆ ಹೋದರು.