ಎಡಗೈಯಲ್ಲಿ ತೆಗೆಯುವ ಬಾಗಿಲು

ದೇವಸ್ಥಾನದ ಹೊರಗೆ ಸಾಲಾಗಿ ನಿಂತಿರೋ ನಿಮ್ಮ ಕಾರುಗಳನ್ನ ನೋಡ್ತಾ ಬಂದೆ. ಅದಕ್ಕೇ ಈ ಕಥೆ ನೆನಪಾಯ್ತು.

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ. ಹುಟ್ಟು ಶ್ರೀಮಂತನಲ್ಲ, ನೋಡಿ. ಸೈಕಲ್ಲಿಗೆ ಸೀರೆ ಗಂಟು ಕಟ್ಟಿ ಹಳ್ಳಿಹಳ್ಳಿ ತಿರುಗಿ ಮೇಲೆ ಬಂದವನು. ಈಗ ಪೇಟೆಯಲ್ಲಿ ಅಂಗಡಿ, ಬಿಳೀ ಕಾರು. ಮನಸ್ಸು ಮಾತ್ರ ಆ ಹಳೇ ಸೈಕಲ್ ಮೇಲೇ. ಅದರ ಡೈನಮೋ ದೀಪ, ಹ್ಯಾಂಡಲ್ಲಿಗೆ ಹೆಂಡತಿ ಕಟ್ಟಿದ್ದ ಬಣ್ಣದ ಕುಚ್ಚು, ಇವೆಲ್ಲ ದಿನಾ ನೆನೆಯೋನು.

ಅದರಲ್ಲೂ ಒಂದು ದಿನವನ್ನ ಅವನು ಮರೆತೇ ಇರಲಿಲ್ಲ. ಹೊಸ ಹೆಂಡತಿಯನ್ನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಅವಳ ತವರಿಗೆ ಹೊರಟಿದ್ದ. ಕಿರಿದಾದ ಕೆರೆ ಏರಿ, ಎದುರುಗಾಳಿ. ಹಿಂದೆ ಬಸ್ಸು ಬಂತು. ಡ್ರೈವರ್ ಹಾರನ್ ಹೊಡೆದನಾ? ಹೊಡೆಯಲಿಲ್ಲ. ಹೊಡೆದಿದ್ದರೆ ಇವನು ಬೆಚ್ಚಿ ಹಿಂದೆ ತಿರುಗುತ್ತಿದ್ದ, ಇವನ ಜೊತೆ ಹ್ಯಾಂಡಲ್ಲೂ ತಿರುಗುತ್ತಿತ್ತು. ಏರಿ ಮುಗಿಯೋವರೆಗೂ ಡ್ರೈವರ್ ದಿಬ್ಬಣದ ಹಾಗೆ ಹಿಂದೆ ಹಿಂದೆಯೇ ಬಂದ. ರಸ್ತೆ ಅಗಲವಾದ ಮೇಲೆ ದೂರ ಬಿಟ್ಟು ದಾಟುತ್ತಾ, "ನಿಧಾನಕ್ಕೆ ಹೋಗಪ್ಪಾ, ಮಗಳು ಜೋಪಾನ" ಅಂದ. ಎಂಥಾ ಜನ ಇದ್ದರು ಆಗ.

ಇಷ್ಟು ನೆನಪಿಟ್ಟವನು ತಾನೇನು ಮಾಡಿದ? ಒಳ್ಳೇ ಕೆಲಸಕ್ಕೆಲ್ಲ ಬಲಗೈ ಅಂತ ಅವನ ತಾಯಿ ಹೇಳಿಕೊಟ್ಟಿದ್ದಳು. ಆರತಿಗೆ ಬಲಗೈ, ಸೀರೆ ಕೊಡೋದಕ್ಕೆ ಬಲಗೈ, ಲಕ್ಷ್ಮಿಯಂಥ ಕಾರಿನ ಬಾಗಿಲಿಗೂ ಬಲಗೈ. ಒಂದು ಬೆಳಿಗ್ಗೆ ಅಂಗಡಿ ಮುಂದೆ ಕಾರು ನಿಲ್ಲಿಸಿ, ಎದುರಿಗಿದ್ದ ಗಣಪತಿಗೆ ಕೈಮುಗಿದು, ಮುಖ ತಿರುಗಿಸದೆ ಬಲಗೈಯಲ್ಲಿ ಬಾಗಿಲು ತಳ್ಳಿದ. ಗಾರೆ ಕೆಲಸದವನೊಬ್ಬ ಹೆಂಡತಿಯನ್ನ ಹಿಂದೆ ಕೂರಿಸಿಕೊಂಡು ಸೈಕಲ್ಲಲ್ಲಿ ಬರುತ್ತಿದ್ದ. ಬಾಗಿಲಿಗೆ ಬಡಿದು ಇಬ್ಬರೂ ಬಿದ್ದರು. ಅವನಿಗೆ ತರಚಿತು. ಅವಳ ಬಲಗೈ ಮುರಿಯಿತು.

ಆಸ್ಪತ್ರೆಗೆ ಇವನೇ ಸೇರಿಸಿದ. ವಾರ ಬಿಟ್ಟು ಹಣ್ಣು ಹಿಡಿದು ಅವರ ಮನೆಗೂ ಹೋದ. ಆಕೆ ಗೋಡೆ ಕಡೆ ಮುಖ ಮಾಡಿ, ಎಡಗೈಯಲ್ಲಿ ಮುದ್ದೆ ಮುರಿದು ಉಣ್ಣುತ್ತಿದ್ದಳು. ಇವನನ್ನ ಕಂಡು ನಾಚಿ ತಟ್ಟೆ ಸರಿಸಿದಳು.

"ತಪ್ಪು ತಿಳ್ಕೋಬೇಡಿ ಯಜಮಾನ್ರೇ. ಅವ್ರು ತಿನ್ನಿಸ್ತೀನಿ ಅಂದ್ರು. ಕೆಲಸಕ್ಕೆ ಹೊತ್ತಾಯ್ತು ಅಂತ ನಾನೇ ಕಳಿಸ್ದೆ."

ಶ್ರೀಮಂತ ಹಣ್ಣು ಇಟ್ಟು ಹೊರಗೆ ಬಂದ. ತನ್ನ ಹೆಂಡತಿಯನ್ನ ಯಾರೋ ಬಸ್ ಡ್ರೈವರು 'ಮಗಳು' ಅಂತ ಕರೆದಿದ್ದ. ಇವಳೂ ಒಬ್ಬರ ಮಗಳಲ್ಲವೇ? ಅಂಗಡಿಗೆ ಬಂದು ಕಾರು ನಿಲ್ಲಿಸಿದ. ಬಾಗಿಲಿಗೆ ಬಲಗೈ ಹಾಕೋಕೆ ನಾಚಿಕೆ ಆಯ್ತು. ಎಡಗೈ ಚಾಚಿದ. ನೋಡಿ, ಎಡಗೈ ಬಲಬಾಗಿಲಿಗೆ ಹೋಗಬೇಕಾದರೆ ಮೈ ತಿರುಗಲೇಬೇಕು, ಮೈ ತಿರುಗಿದರೆ ಕಣ್ಣು ಹಿಂದಕ್ಕೆ ಹೋಗಲೇಬೇಕು. ಒಬ್ಬ ಮುದುಕ ಸೈಕಲ್ ತುಳೀತಾ ಬರುತ್ತಿದ್ದ. ಅವನು ದಾಟೋವರೆಗೂ ಕಾದು ಇಳಿದ. ಇಷ್ಟೇ ಇತ್ತು ಕೆಲಸ.

ಹಳೇ ಕಾಲ ಚೆನ್ನಾಗಿತ್ತು ಅಂತ ನೀವೂ ಹೇಳ್ತೀರಿ, ನಾನೂ ಹೇಳ್ತೀನಿ. ಆ ಬಸ್ ಡ್ರೈವರ್ ಆಗೋರು ಯಾರು? ಸೈಕಲ್ ಹಿಂದೆ ಹಾರನ್ ಒತ್ತಬೇಡಿ. ದಾಟುವಾಗ ಒಂದಾಳು ಮಲಗುವಷ್ಟು ಜಾಗ ಬಿಡಿ, ಜಾಗ ಇಲ್ಲದಿದ್ದರೆ ಹಿಂದೆಯೇ ಇರಿ. ಇಳಿಯುವಾಗ ಎಡಗೈ. ಅದರಿಂದ ಮಡಿ ಕೆಟ್ಟರೆ ಆ ಪಾಪ ನನಗಿರಲಿ. ಈಗ ಪ್ರಸಾದಕ್ಕೆ ಬಲಗೈ ಚಾಚಿ, ಮನೆ ಮುಂದೆ ಕಾರಿನ ಬಾಗಿಲಿಗೆ ಎಡಗೈ ಚಾಚಿ. ನಿಮ್ಮ ಹಿಂದೆ ಸೈಕಲ್ಲಲ್ಲಿ ಬರುವವಳು ಬಲಗೈಯಲ್ಲಿ ಉಣ್ಣಲಿ.