ಲೋಕಮ್ಮ ಬೈದ ಹೊತ್ತು

ವೇದಿಕೆಯ ಮೇಲಿರುವ ಮಾನ್ಯ ಅಧ್ಯಕ್ಷರೇ, ಶಿವಮೊಗ್ಗದಿಂದ ಬಂದು ಈಗಷ್ಟೇ ನಮ್ಮ ಶಾಲು ಹೊದ್ದು ಕುಳಿತಿರುವ ಡಾಕ್ಟರ್ ಸದಾಶಿವಪ್ಪನವರೇ, ಶಿಕಾರಿಪುರದ ನನ್ನ ನೆರೆಹೊರೆಯ ಸಭಿಕರೇ,

ಡಾಕ್ಟರರನ್ನು ಹೊಗಳಲು ನನ್ನನ್ನು ನಿಲ್ಲಿಸಿದ್ದೀರಿ. ಹೊಗಳುತ್ತೇನೆ. ಆದರೆ ನಾನು ಒಪ್ಪಿದ್ದು ಕೊನೆಯ ಸಾಲಿನಲ್ಲಿ ಕುಳಿತಿರುವ ಲೋಕಮ್ಮನವರಿಗಾಗಿ. ಈ ತೊಂಬತ್ತೊಂಬತ್ತರ ಶಿವರಾತ್ರಿಯಿಂದ ಅವರ ಮನೆಯ ಹಾಲು ನಮ್ಮ ಕೇರಿಗೆ ಬೇಡವಾಗಿದೆ. ಏಕೆ? ಅವರು ಅಂದದ್ದು ತಟ್ಟುತ್ತದಂತೆ! ತಟ್ಟಿಸಿಕೊಂಡವನು ನಾನು. ನನ್ನನ್ನು ಯಾರಾದರೂ ಕೇಳಿದಿರಾ?

ಆ ಶಿವರಾತ್ರಿಯ ದಿನ ನನ್ನ ಭಾವಮೈದ ಹರಿಹರ ಸೊರಬದಿಂದ ಜೀಪಿನಲ್ಲಿ ಬಂದಾಗ ನಾನು ಹಿತ್ತಿಲ ಬಾಗಿಲಲ್ಲಿ ಬಿದ್ದಿದ್ದೆ. ಬಲಗೈಯಲ್ಲಿ ಜೀವವಿಲ್ಲ, ಬಾಯಲ್ಲಿ ಮಾತಿಲ್ಲ. ನನ್ನ ಹೆಂಡತಿ ಸತ್ಯವತಿ ಬದುಕಿದ್ದರೆ, 'ಅಂತೂ ಸುಮ್ಮನಾದ್ರಲ್ಲ' ಅನ್ನುತ್ತಿದ್ದಳು. ಅವಳು ಹೋದ ಮೇಲೆ ದಿನವೂ ನನ್ನೊಡನೆ ಜೋರಾಗಿ ಮಾತಾಡುತ್ತಿದ್ದವರು ಬೇಲಿಯಾಚೆಯ ಲೋಕಮ್ಮನವರೊಬ್ಬರೇ. ಅದೂ ಎಮ್ಮೆಯ ವಿಷಯಕ್ಕೆ. ಇರಲಿ.

ನನ್ನನ್ನು ಜೀಪಿಗೆ ಎತ್ತಲು ಹೆಗಲು ಕೊಟ್ಟವರೂ ಅವರೇ. ತಾವೂ ಹತ್ತಿದರು. ಶಿವಮೊಗ್ಗದವರೆಗೆ ನನ್ನ ತಲೆ ಹಿಡಿದು ಕುಳಿತರು.

ಸ್ಕ್ಯಾನ್ ನೋಡಿ ಡಾಕ್ಟರರು ಅಂದರು: 'ಮೆದುಳಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ. ಕರಗಿಸೋ ಔಷಧಿ ಈಗ ಬಂದಿದೆ, ಆದ್ರೆ ಮೂರು ಗಂಟೆಯೊಳಗೆ ಕೊಡಬೇಕು. ಇವರು ಸರಿಯಾಗಿ ಮಾತಾಡಿದ್ದನ್ನ ಕೊನೇ ಸಲ ಕೇಳಿದ್ದು ಯಾರು? ಯಾವಾಗ?'

'ಈಗ ಸಾರ್, ಈಗಷ್ಟೇ' ಎಂದ ಹರಿಹರ.

'ನೀವು ಕೇಳಿದ್ರಾ? ಹೊತ್ತು ಮೀರಿದ್ರೆ ಅದೇ ಔಷಧಿಯಿಂದ ಮೆದುಳಲ್ಲಿ ರಕ್ತ ಸುರೀಬಹುದು. ಗೊತ್ತಿಲ್ಲ ಅಂದ್ರೆ ನಾನು ಕೊಡೋದಿಲ್ಲ.'

ಟೈಮ್ ಅಂಡ್ ಟೈಡ್ ವೇಟ್ ಫಾರ್... ಮುಂದಿನದು ಮರೆತಿದೆ, ಕಾಯಿಲೆಯಿಂದಲ್ಲ, ಕಾಲೇಜಿನಲ್ಲೇ ಮರೆತದ್ದು. ಹೊತ್ತು ನನಗೆ ಗೊತ್ತಿತ್ತು, ಸಭಿಕರೇ! ಬಾಯಿ ತೆರೆದರೆ ಬರುತ್ತಿದ್ದದ್ದು ಜೊಲ್ಲು. ಔಷಧಿಯ ಸೀಸೆ ಹಿಡಿದ ನರ್ಸಮ್ಮ ಡಾಕ್ಟರರ ಮುಖವನ್ನೇ ನೋಡುತ್ತಿದ್ದರು.

ಆಗ ಲೋಕಮ್ಮನವರು ಮುಂದೆ ಬಂದರು. 'ನಾನ್ ಕೇಳೀನ್ರೀ. ಹತ್ತೂವರಿ ಸೊರಬದ ಬಸ್ಸು ಹೋತು, ನಮ್ಮ ಎಮ್ಮಿ ಇವರ ಬೆಂಡಿ ಸಾಲಿಗೆ ನುಗ್ತು. ಬೈದ್ರು. ಇಂಗ್ಲಿಷಿನಾಗೂ ಬೈದ್ರು.'

'ಮಾತು ತೊದಲ್ತಿತ್ತಾ?'

'ತೊದಲೋದೇನ್ ಬಂತು, ಮೂರ್ ಮನೀಗೆ ಕೇಳ್ತಿತ್ತು!'

ಹರಿಹರ ನಡುವೆ ಬಾಯಿ ಹಾಕಿದ: 'ಇವರಿಬ್ರದ್ದು ದಿನಾ ಇದ್ದದ್ದೇ ಸಾರ್. ಇವರು ನಿನ್ನೇದು ಹೇಳ್ತಿರಬಹುದು.'

ಡಾಕ್ಟರರು ಸೀಸೆಯನ್ನು ಕೆಳಗಿಡಿಸಿದರು.

ಲೋಕಮ್ಮನವರು ಹರಿಹರನನ್ನೊಮ್ಮೆ ನೋಡಿದರು. ಆಡಿದರೆ ಇವನ ಬಾಯಿಂದ ಊರಿಗೆ ಮುಟ್ಟುತ್ತದೆಂದು ಅವರಿಗೆ ತಿಳಿಯದೇ? 'ಇವತ್ತಿಂದೇ ರೀ. ಇವತ್ತು ನಾನೊಂದು ಆಡಬಾರದ ಮಾತು ಆಡೀನಿ. ನಿನ್ನ ನಾಲಿಗಿ ಸೇದಿಹೋಗ್ಲಿ ಅಂದೆ. ಹಿಂದೆ ಯಾವತ್ತೂ ಹಂಗಂದಿಲ್ಲ. ಅದಕ್ಕೂ ತಿರುಗಿ ಬೈದೇ ಒಳಗ್ ಹೋದ್ರು.'

ಡಾಕ್ಟರರು ಗಡಿಯಾರ ನೋಡಿದರು, ಇನ್ನೂ ಒಂದು ಗಂಟೆಯಾಗಿರಲಿಲ್ಲ. 'ಕೊಡಿ' ಎಂದರು.

ಸಂಜೆಗೆ ಬೆರಳು ಆಡಿತು. ವಾರದಲ್ಲಿ ಮಾತು ಬಂತು. ಅಷ್ಟರಲ್ಲಿ 'ಲೋಕಮ್ಮನ ಶಾಪ ತಟ್ಟಿತು' ಎಂಬ ಹರಿಹರನ ಮಾತು ಊರು ತಲುಪಿತ್ತು.

ನನ್ನ ರಕ್ತ ಹೆಪ್ಪುಗಟ್ಟಿದ್ದು ಬೀಡಿಯಿಂದ, ನುಂಗದೆ ಬಿಟ್ಟ ಬಿ.ಪಿ. ಮಾತ್ರೆಯಿಂದ. ಡಾಕ್ಟರರು ತಲೆಯಾಡಿಸುತ್ತಿದ್ದಾರೆ, ನೋಡಿಕೊಳ್ಳಿ. ಮೊನ್ನೆ ಎಮ್ಮೆ ಮತ್ತೆ ನುಗ್ಗಿತು. ನಾನು ಬೈದೆ. ಲೋಕಮ್ಮನವರು ಸೆರಗನ್ನು ಬಾಯಿಗೊತ್ತಿಕೊಂಡು ಒಳಗೆ ಹೋದರು. ಆ ಮೌನ ನನಗೆ ಸಹಿಸಲಾಗಲಿಲ್ಲ.

ಲೋಕಮ್ಮನವರೇ, ಈ ಸಭೆ ಕೇಳುವಂತೆ ಹೇಳುತ್ತಿದ್ದೇನೆ. ನಾಳೆ ಬೆಳಿಗ್ಗೆ ನಾನು ಬೇಲಿಯ ಹತ್ತಿರ ನಿಂತಿರುತ್ತೇನೆ. ಬಾಯಿ ತುಂಬ ಬೈಯಿರಿ. ಅದೇ ಮಾತನ್ನೇ ಆಡಿ. ನನಗೇನಾಗುತ್ತದೋ ಕೇರಿಯೆಲ್ಲ ಬಂದು ನೋಡಲಿ. ಬರುವವರು ಹಾಲಿಗೆ ಪಾತ್ರೆ ತನ್ನಿ.

ಡಾಕ್ಟರರಿಗೂ, ತಾಳ್ಮೆಯಿಂದ ಕೇಳಿದ ನಿಮಗೂ ವಂದನೆಗಳು. ನಮಸ್ಕಾರ.